ವೇಳೆ ಬರೆಯದ ಬಾಟಲಿ

ಮಿಲ್ಟನ್
8 ಜುಲೈ 2024, ಬೆಳಿಗ್ಗೆ 10-15

ಡಾಕ್ಟರ್ ಚೈತನ್ಯಾ ಮೇಡಂ ಅವರಿಗೆ,

ಕರಡಿಗುಡ್ಡ ಪಶು ಆಸ್ಪತ್ರೆಯ ಮಾಜಿ ಕಾಂಪೌಂಡರ್ ತಿಪ್ಪಣ್ಣ ಮಾಡುವ ನಮಸ್ಕಾರಗಳು.

ಮೊನ್ನೆ ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಚಿತ್ರಾನ್ನದ ಸಾಲಿನಲ್ಲಿ ನಿಂತಿದ್ದೆ. ಸೌಟು ಹಿಡಿದವರು ಯಾರೆಂದು ತಲೆಯೆತ್ತಿದರೆ ನೀವು. ಕೈಯಲ್ಲಿದ್ದ ತಟ್ಟೆ ಜಾರಿತು. ನೀವು ಇನ್ನೊಂದು ತಟ್ಟೆ ಕೊಟ್ಟು "ಆರಾಮ ಇದ್ದೀರಿ?" ಎಂದು ಕೇಳಿದಿರಂತೆ. ನನ್ನ ಮಗಳು ರತ್ನಾ ಆಮೇಲೆ ಹೇಳಿದಳು. ನನಗೆ ಕೇಳಿಸಿರಲಿಲ್ಲ. ಉತ್ತರ ಕೊಡದೆ ಹೋದ ಎಂದು ತಪ್ಪು ತಿಳಿಯಬೇಡಿ. ಒಂದು ವರ್ಷದಿಂದ ಕಿವಿ ಪೂರಾ ಕೈಕೊಟ್ಟಿದೆ. ಇಲ್ಲಿ ಹಾಕಿಸಿದ ಯಂತ್ರ ಸಿಳ್ಳೆ ಹೊಡೆಯುತ್ತದೆಯೇ ಹೊರತು ಮಾತು ಮುಟ್ಟಿಸುವುದಿಲ್ಲ. ಫೋನಂತೂ ದಂಡ. ಅದಕ್ಕೇ ಸಂಘದವರಿಂದ ನಿಮ್ಮ ವಿಳಾಸ ಪಡೆದು ಕಾಗದ ಬರೆಯುತ್ತಿದ್ದೇನೆ.

ನಮ್ಮ ಮನೆಯವಳು ತೀರಿಕೊಂಡ ಮೇಲೆ ರತ್ನಾ ಈ ಪರದೇಶಕ್ಕೆ ಕರೆಸಿಕೊಂಡಳು. ಈ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬಂದ ಹೊಸತರಲ್ಲಿ ಪಕ್ಕದವರ ಗರಾಜಿಗೆ ನುಗ್ಗಿ ಚಪ್ಪಲಿ ಬಿಟ್ಟು ಬಂದವನು ನಾನು. ಅಂಚೆಯವನು ಮನೆಗೆ ಬರುವುದಿಲ್ಲ. ಬೀದಿಯ ಮೂಲೆಯಲ್ಲಿ ಎಲ್ಲರಿಗೂ ಸೇರಿ ಖಾನೆಗಳಿರುವ ಒಂದು ಕಬ್ಬಿಣದ ಕಪಾಟಿದೆ. ಅದರ ಕೀಲಿ ನನ್ನ ವಶಕ್ಕೆ ಕೊಟ್ಟಿದ್ದಾರೆ. ಮೂವತ್ತನಾಲ್ಕು ವರ್ಷ ಲಸಿಕೆಯ ಫ್ರಿಜ್ಜಿನ ಕೀಲಿ ಸೊಂಟದಲ್ಲಿಟ್ಟುಕೊಂಡು ತಿರುಗಿದವನಿಗೆ ಇದೊಂದು ಬಡ್ತಿ ಎಂದೇ ತಿಳಿದಿದ್ದೇನೆ.

ತಾವು ಇಲ್ಲಿಯೂ ಡಾಕ್ಟರಾಗಿಯೇ ಕೆಲಸ ಮಾಡುತ್ತಿದ್ದೀರಾ? ತಿಳಿಸಬೇಕಾಗಿ ವಿನಂತಿ.

ತಮ್ಮ ವಿಧೇಯ,
ತಿಪ್ಪಣ್ಣ


ಅರೋರಾ
21 ಜುಲೈ 2024

ತಿಪ್ಪಣ್ಣನವರೇ,

ನಮಸ್ಕಾರ. ನಿಮ್ಮ ಅಕ್ಷರ ನೋಡಿ ಕರಡಿಗುಡ್ಡದ ರಿಜಿಸ್ಟರೇ ಎದುರಿಗೆ ಬಂದು ಕೂತಂತಾಯಿತು. ಕಾಗದದ ಮೇಲೂ ಗಂಟೆ ನಿಮಿಷ ಬರೆಯುವ ಚಾಳಿ ಬಿಟ್ಟಿಲ್ಲ. ಲಸಿಕೆ ಬಾಟಲಿಗೆ ಸಲೈನ್ ಬೆರೆಸಿದ ಕೂಡಲೇ ಆ ವೇಳೆಯನ್ನು ಲೇಬಲ್ ಮೇಲೆ ಗುಂಡಗೆ ಬರೆಯುತ್ತಿದ್ದಿರಿ. ಬೆರೆಸಿದ ಮೇಲೆ ಅದಕ್ಕೆ ಎರಡೇ ಗಂಟೆ ಜೀವ, ಉಳಿದರೆ ನೆಲಕ್ಕೆ, ಎಂದು ನನಗೇ ಪಾಠ ಹೇಳುತ್ತಿದ್ದಿರಿ. ಅಷ್ಟು ಚೊಕ್ಕವಾಗಿ ಬರೆಯುವವರನ್ನು ನಾನು ಇಲ್ಲೂ ಕಂಡಿಲ್ಲ.

ನಾನಿನ್ನೂ ಇಲ್ಲಿ ಡಾಕ್ಟರಲ್ಲ. ಯಂಗ್ ಸ್ಟ್ರೀಟಿನ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿ. ನಾಯಿಯ ಉಗುರು ಕತ್ತರಿಸುತ್ತೇನೆ, ಬೆಕ್ಕು ಹಿಡಿಯುತ್ತೇನೆ, ದಿನಕ್ಕೆರಡು ಸಲ ಫ್ರಿಜ್ಜಿನ ಉಷ್ಣಾಂಶ ಬರೆದಿಡುತ್ತೇನೆ. ನಿಮ್ಮ ಕೆಲಸ ನನಗೆ ಬಂದಿದೆ ಎನ್ನಿ.

ನಾಯಿಗಳಿಗೆ ಹಾಕುವ ಲಸಿಕೆಯಲ್ಲಿ ಅಡಿನೋ ಎಂಬ ವೈರಸ್ಸಿರುತ್ತದೆ. ಅದರಲ್ಲಿ ಎರಡು ಬಗೆ: ಒಂದು ನಾಯಿಯ ಯಕೃತ್ತನ್ನೇ ತಿನ್ನುವಂಥದ್ದು, ಇನ್ನೊಂದು ಬರೀ ಕೆಮ್ಮು ತರುವಂಥದ್ದು. ಮೊದಲನೆಯದರಿಂದಲೇ ಲಸಿಕೆ ಮಾಡಿದಾಗ ಕೆಲವು ನಾಯಿಗಳ ಕಣ್ಣು ಮಂಜಾಗಿ ನೀಲಿ ತಿರುಗುತ್ತಿತ್ತಂತೆ. ಅದಕ್ಕೆ ಈಗ ಕೆಮ್ಮಿನದ್ದನ್ನು ಹಾಕಿ ಯಕೃತ್ತನ್ನು ಕಾಯುತ್ತಾರೆ. ದನಗಳ ಚರ್ಮಗಂಟು ರೋಗಕ್ಕೆ ನಾವು ಮೇಕೆ ಸಿಡುಬಿನ ಲಸಿಕೆ ಹಾಕುತ್ತಿದ್ದೆವಲ್ಲ, ಹಾಗೆ. "ದಾಯಾದಿಗಳ ಕೈಲೆ ಮನಿ ಕಾಯಸೂದು ಅಂದ್ರ ಇದ ನೋಡ್ರಿ" ಎಂದು ನೀವು ನಕ್ಕಿದ್ದು ನೆನಪಿದೆ.

ಪರೀಕ್ಷೆಗಳೆಲ್ಲ ಮುಗಿದಿವೆ, ಪಾಸಾಗಿದ್ದೇನೆ. ಉಳಿದಿರುವುದು ಪರವಾನಗಿಯ ಅರ್ಜಿ ಒಂದೇ. ನವೆಂಬರ್ ಮೂವತ್ತರೊಳಗೆ ಕೊಡಬೇಕು. ಅದರ ಹನ್ನೊಂದನೇ ಪ್ರಶ್ನೆ: ಹಿಂದೆ ಎಲ್ಲಿಯಾದರೂ ನಿಮ್ಮ ಮೇಲೆ ವಿಚಾರಣೆ ನಡೆದಿದೆಯೇ, ನಡೆದಿದ್ದರೆ ಏನಾಯಿತೆಂದು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಏನಾಯಿತೆಂದು ನಿಮಗೆ ಗೊತ್ತೇ ಇದೆ. ಬಸಾಪುರದ ನಲವತ್ತು ದನಕ್ಕೆ ಲಸಿಕೆ ಹಾಕದೆಯೇ ಹಾಕಿದಂತೆ ಬರೆದಿದ್ದಾರೆ ಎಂದು ನನಗೆ ಎಚ್ಚರಿಕೆ ಪತ್ರ ಕೊಟ್ಟಿದ್ದರು. ಆ ಪ್ರಶ್ನೆಯ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ನಾನೂ ಸದ್ಯ ಖಾಲಿ ಬಿಟ್ಟಿದ್ದೇನೆ.

ಮನೆಯವರ ವಿಷಯ ಕೇಳಿ ಬೇಸರವಾಯಿತು. ಅವರ ಕೈಯ ಎಣ್ಣೆಗಾಯಿ ಬದನೆಕಾಯಿಗೆ ನಾನು ಬೇಕೆಂದೇ ಮಧ್ಯಾಹ್ನ ನಿಮ್ಮ ಮನೆಯತ್ತ ಬರುತ್ತಿದ್ದೆ.

ಚೈತನ್ಯಾ


ಮಿಲ್ಟನ್
2 ಸೆಪ್ಟೆಂಬರ್ 2024, ಮಧ್ಯಾಹ್ನ 3-05

ಮೇಡಂ ಅವರಿಗೆ,

ನಮಸ್ಕಾರ. ಉತ್ತರಿಸಲು ತಡವಾಯಿತು. ಬರೆಯಲು ವಿಷಯವೇನೂ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಿನ್ನೆ ಅಳಿಯಂದಿರು ಜಲಪಾತ ತೋರಿಸುತ್ತೇನೆಂದು ಹ್ಯಾಮಿಲ್ಟನ್ ಕಡೆ ಕರೆದುಕೊಂಡು ಹೋಗಿದ್ದರು. ಕಾಲುದಾರಿಯ ಪಕ್ಕ ಎಲೆಗಳ ನಡುವೆ ಹಸಿರು ಬಣ್ಣದ ಒಂದು ಬಿಲ್ಲೆ ಬಿದ್ದಿತ್ತು. ಮಿಠಾಯಿಯ ವಾಸನೆ. ಎತ್ತಿಕೊಳ್ಳಲು ಬಗ್ಗಿದೆ. ಮೊಮ್ಮಗಳು ಸಂಜನಾ ಓಡಿಬಂದು ನನ್ನ ಅಂಗಿ ಹಿಡಿದೆಳೆದಳು. "ಅಜ್ಜಾ, ಡೋಂಟ್ ಟಚ್ ಇಟ್, ಇಟ್ಸ್ ಫಾರ್ ರಕೂನ್ಸ್." ಅವಳ ಬಾಯಿ ಆಡಿದ್ದನ್ನು ರತ್ನಾ ಕೈಮೇಲೆ ಬರೆದು ತೋರಿಸಿದಳು. ಕಸದ ಡಬ್ಬಿ ಕೆದಕುವ ಇಲ್ಲಿನ ಕಾಡುಪ್ರಾಣಿ ರಕೂನಿಗೆ ಇಟ್ಟದ್ದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ. ಕಡ್ಡಿಯಿಂದ ತಿರುಗಿಸಿ ನೋಡಿದರೆ ರೇಬಿಸ್ ಲಸಿಕೆ ಎಂದು ಅಚ್ಚು ಹಾಕಿತ್ತು.

ಮೇಡಂ, ಲಸಿಕೆಯನ್ನು ಹೀಗೆ ದಾರಿಯಲ್ಲಿ ಬಿಸಾಡಿ ಹೋಗುತ್ತಾರೆಯೇ? ಐಸ್ ಡಬ್ಬಿ ಇಲ್ಲ, ರಿಜಿಸ್ಟರ್ ಇಲ್ಲ. ಯಾವ ಪ್ರಾಣಿ ತಿಂದಿತು, ಯಾವುದು ಬಿಟ್ಟಿತು ಎಂದು ಬರೆಯುವವರು ಯಾರು? ತಿನ್ನದೆ ಉಳಿದದ್ದರ ಗತಿಯೇನು? ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳಿಯಂದಿರು ಕಾಲು ನೋವೆಂದು ತಿಳಿದರು.

ತಮ್ಮ ವಿಧೇಯ,
ತಿಪ್ಪಣ್ಣ


ಅರೋರಾ
15 ಸೆಪ್ಟೆಂಬರ್ 2024

ತಿಪ್ಪಣ್ಣನವರೇ,

ಸಂಜನಾಗೆ ನನ್ನ ಪರವಾಗಿ ಒಂದು ಚಾಕಲೇಟು ಕೊಡಿ. ನೀವು ಅದನ್ನು ಬಾಯಿಗೂ ಹಾಕಿಕೊಳ್ಳುವ ಪೈಕಿ.

ಬಿಸಾಡುವುದು ನಿಜ. ಊರೊಳಗೆ ಕೈಯಿಂದ, ಕಾಡಿನ ಮೇಲೆ ವಿಮಾನದಿಂದ. ಮನುಷ್ಯರಿಗೆ ನೆಗಡಿ ತರುವ ಅಡಿನೋ ವೈರಸ್ಸಿನ ಬೆನ್ನ ಮೇಲೆ ರೇಬಿಸ್ಸಿನ ಒಂದು ಚೂರನ್ನು ಕೂರಿಸಿರುತ್ತಾರೆ. ಇನ್ನೊಂದು ಬಗೆಯ ಬಿಲ್ಲೆಯಲ್ಲಿ ಸಿಡುಬಿನ ಜಾತಿಯ ವೈರಸ್ಸೇ ಗಾಡಿ. ರಕೂನು ಕಚ್ಚಿದಾಗ ಔಷಧ ಬಾಯಿಗೆ ಹತ್ತುತ್ತದೆ, ಅಷ್ಟೇ. ನಮ್ಮ ಬೇಸ್‌ಮೆಂಟಿನ ಕಿಟಕಿಗೆ ದಿನಾ ಸಂಜೆ ಒಂದು ಬಂದು ನನ್ನ ಅಡುಗೆ ನೋಡಿ ಹೋಗುತ್ತದೆ. ಅದು ಲಸಿಕೆ ತಿಂದಿದೆಯೋ ಇಲ್ಲವೋ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಉಳಿದದ್ದರ ಗತಿ ಕೇಳಿದ್ದೀರಿ. ಮಣ್ಣುಪಾಲು. ಒಂದಿಷ್ಟು ಬಿಸಿಲಿಗೆ ಕೆಡುತ್ತದೆ, ಒಂದಿಷ್ಟನ್ನು ಇರುವೆ ಮುಕ್ಕುತ್ತದೆ. ಹಾಳಾಗುವುದನ್ನೂ ಮೊದಲೇ ಎಣಿಸಿಯೇ ಚೆಲ್ಲುತ್ತಾರೆ.

ಹೋದ ವಾರ ನಮ್ಮಲ್ಲೂ ಹೀಗೇ ಆಯಿತು. ಯಾರೋ ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಬೆಳಿಗ್ಗೆ ನೋಡಿದರೆ ಎಂಟು ದಾಟಬಾರದ್ದು ಹದಿಮೂರು ಡಿಗ್ರಿ. ಒಳಗಿದ್ದ ಲಸಿಕೆಯನ್ನೆಲ್ಲ ನಾನೇ ಕಸದ ಡ್ರಮ್ಮಿಗೆ ಹಾಕಿದೆ. ಹಿರಿಯ ಡಾಕ್ಟರು ಬಂದು "ಬರೆದಿಡು, ಹೊಸದು ತರಿಸು" ಎಂದರು, ಕಾಫಿ ಕುಡಿಯಲು ಹೋದರು. ನನ್ನ ಕೈ ಒಂದಿಷ್ಟೂ ಹಿಂಜರಿಯಲಿಲ್ಲ ನೋಡಿ. ಅದನ್ನೇ ಇಡೀ ದಿನ ಯೋಚಿಸುತ್ತಿದ್ದೆ.

ಹನ್ನೊಂದನೇ ಪ್ರಶ್ನೆ ಇನ್ನೂ ಖಾಲಿ ಇದೆ.

ಚೈತನ್ಯಾ


ಮಿಲ್ಟನ್
19 ಅಕ್ಟೋಬರ್ 2024

ಮೇಡಂ ಅವರಿಗೆ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ. ಎಲೆಗಳು ಕೆಂಪಾಗಿವೆ. ರತ್ನಾ ಹೊಸ ಸ್ವೆಟರು ತಂದಿದ್ದಾಳೆ. ತಮ್ಮ ಆರೋಗ್ಯ ನೋಡಿಕೊಳ್ಳಿ.

ಒಂದು ವಿಷಯ ಬರೆಯಬೇಕೆಂದು ಕೂತಿದ್ದೆ. ಇನ್ನೊಂದು ದಿನ ಬರೆಯುತ್ತೇನೆ.

ತಿಪ್ಪಣ್ಣ


ಮಿಲ್ಟನ್
14 ನವೆಂಬರ್ 2024, ಬೆಳಿಗ್ಗೆ 9-30

ಮೇಡಂ ಅವರಿಗೆ,

ಸಾಷ್ಟಾಂಗ ನಮಸ್ಕಾರಗಳು. ನಾಳೆಯಿಂದ ಅಂಚೆಯವರ ಮುಷ್ಕರವೆಂದು ಅಳಿಯಂದಿರು ಹೇಳುತ್ತಿದ್ದಾರೆ. ಇವತ್ತು ಹಾಕದಿದ್ದರೆ ಈ ಜನ್ಮದಲ್ಲಿ ಹಾಕಲಾರೆ.

ಎರಡು ವರ್ಷದ ಹಿಂದೆ, ಅಕ್ಟೋಬರ್ ಇಪ್ಪತ್ತರಂದು ಕರಡಿಗುಡ್ಡದ ಶಿಬಿರಕ್ಕೆ ಐದು ಬಾಟಲಿ ಬಂದಿದ್ದವು. ಐದನೆಯದನ್ನು ಬೆರೆಸಿದ್ದು ಸಂಜೆ 4-10ಕ್ಕೆ. ಅದರಲ್ಲಿ ಅರವತ್ತು ದನಕ್ಕೆ ಆಯಿತು, ನಲವತ್ತು ದನಕ್ಕೆ ಆಗುವಷ್ಟು ಉಳಿಯಿತು. ನೀವು ಆಗಲೇ ತಾಲ್ಲೂಕಿಗೆ ಮೀಟಿಂಗಿಗೆ ಹೋಗಿದ್ದಿರಿ. ಚೆಲ್ಲಬೇಕೆಂದು ಗುಂಡಿಯ ತನಕ ಹೋದೆ. ಅಷ್ಟರಲ್ಲಿ ಬಸಾಪುರದವರು ಬಂದರು. ಪಕ್ಕದ ಊರಿಗೆ ರೋಗ ಬಂದಿತ್ತು, ಅವರ ಪಾಳಿ ಮುಂದಿನ ವಾರ. ಅವರೊಳಗಿದ್ದ ಈರವ್ವ ಹೇಳಿದಳು: "ತಿಪ್ಪಣ್ಣ, ನಮ್ಮ ದನಾ ವಾರ ತಡಿಯಾಂಗಿಲ್ಲೋ. ಏನರ ಮಾಡು." ಕೈಯಲ್ಲಿ ನಲವತ್ತು ದನದ ಔಷಧ ಹಿಡಿದುಕೊಂಡು ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಚೆಲ್ಲಲು ಕೈ ಬರಲಿಲ್ಲ. ಐಸಿನಲ್ಲಿ ಹೂತಿಟ್ಟೆ. ಬೆಳಗಾದರೆ ಏನಾದೀತು ಎಂದುಕೊಂಡೆ. ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಮರುದಿನ ನೀವು ಬಸಾಪುರಕ್ಕೆ ನೇರವಾಗಿ ಸ್ಕೂಟರಿನಲ್ಲಿ ಬರುವವರಿದ್ದಿರಿ. ಬರುವ ಮೊದಲು ಲೇಬಲ್ಲಿನ ಮೇಲಿನ ವೇಳೆಯನ್ನು ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿದೆ. ಹೊಸ ಬಾಟಲಿ ಎಂದು ನಂಬಿ ನೀವು ನಲವತ್ತು ದನಗಳನ್ನೂ ನಿಮ್ಮ ಕೈಯಾರೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದಿರಿ.

ಮೂರು ವಾರಕ್ಕೆ ಏಳು ದನ ಸತ್ತವು. ಈರವ್ವನ ಜೋಡೆತ್ತಿನಲ್ಲಿ ಒಂದೂ ಹೋಯಿತು. ಐದು ಬಾಟಲಿಯೂ ಶಿಬಿರದ ದಿನವೇ ಮುಗಿದಿವೆ ಎಂದು ದಾಸ್ತಾನು ಪುಸ್ತಕದಲ್ಲಿ ಬರೆದವನು ನಾನೇ. ಹಾಗಾದರೆ ಬಸಾಪುರಕ್ಕೆ ಹಾಕಿದ್ದೇನು ಎಂದು ವಿಚಾರಣೆಗೆ ಬಂದ ಸಾಹೇಬರು ನಿಮ್ಮನ್ನು ಕೇಳಿದಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ಆಗ ಕಿವಿ ಇನ್ನೂ ಸ್ವಲ್ಪ ಕೇಳಿಸುತ್ತಿತ್ತು. ನೀವು ಏನೂ ಹೇಳಲಿಲ್ಲ. ನಾನೂ ಒಳಗೆ ಬರಲಿಲ್ಲ. ನಿವೃತ್ತಿಗೆ ಹದಿನೈದು ದಿನ ಉಳಿದಿತ್ತು. ಮೂವತ್ತನಾಲ್ಕು ವರ್ಷ ಒಂದೂ ಕಪ್ಪುಚುಕ್ಕೆ ಇಲ್ಲದವನು ಎಂದು ಎಲ್ಲರೂ ಹೇಳುತ್ತಿದ್ದರು. ರತ್ನಾ ಇವತ್ತಿಗೂ ಬಂದವರೆದುರು ಹೇಳುತ್ತಾಳೆ.

ಬೀಳ್ಕೊಡುಗೆಗೆ ಈರವ್ವನೂ ಬಂದಿದ್ದಳು. ಕೈಗೆ ತೆಂಗಿನಕಾಯಿ ಕೊಟ್ಟು "ನೀ ಮಾಡೂದು ಮಾಡೀದಿ, ನನ್ನ ಹಣೇಬರಹ ನೆಟ್ಟಗಿರಲಿಲ್ಲ" ಎಂದಳು. ಆ ಕಾಯಿ ನಾವು ಒಡೆಯಲಿಲ್ಲ.

ನೀವು ನನ್ನನ್ನು ಉಳಿಸಲು ಸುಮ್ಮನಿದ್ದಿರಿ. ಇನ್ನು ಬೇಡ. ಇದರ ಜೊತೆ ಬೇರೆ ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿದ್ದೇನೆ. ಹನ್ನೊಂದನೇ ಪ್ರಶ್ನೆಗೆ ಲಗತ್ತಿಸಿ.

ತಪ್ಪಿತಸ್ಥ,
ತಿಪ್ಪಣ್ಣ


ಅರೋರಾ
28 ನವೆಂಬರ್ 2024

ತಿಪ್ಪಣ್ಣನವರೇ,

ಈ ಕಾಗದ ಇವತ್ತು ಹೊರಡುವುದಿಲ್ಲ. ಅಂಚೆ ಪೆಟ್ಟಿಗೆಗಳೆಲ್ಲ ಬಾಯಿ ಮುಚ್ಚಿ ಎರಡು ವಾರವಾಯಿತು. ಆದರೂ ಇವತ್ತೇ ಬರೆಯಬೇಕು, ಯಾಕೆಂದರೆ ಮಧ್ಯಾಹ್ನ ಆನ್‌ಲೈನಿನಲ್ಲಿ ಅರ್ಜಿ ಕಳಿಸಿದೆ. ಹನ್ನೊಂದನೇ ಪ್ರಶ್ನೆಯ ಕೆಳಗೆ ಏನು ಬರೆದೆ ಎಂಬುದು ಮಂಡಳಿಗಿಂತ ಮೊದಲು ನಿಮಗೆ ಗೊತ್ತಾಗಬೇಕಿತ್ತು.

ನಿಮ್ಮಿಂದ ಕೊನೆಗೆ ಬಂದ ಅಕ್ಟೋಬರಿನ ಕಾಗದದಲ್ಲಿ ವೇಳೆ ಇರಲಿಲ್ಲ. ನಿಮ್ಮ ಕೈಯಲ್ಲಿ ವೇಳೆ ಬರೆಯದ್ದನ್ನು ನಾನು ನೋಡಿದ್ದು ಅದು ಎರಡನೇ ಸಲ. ಮೊದಲನೆಯದು ಬಸಾಪುರದಲ್ಲಿ.

ನಾನು ಬರುವಷ್ಟರಲ್ಲಿ ನೀವು ನಾಲ್ಕೈದು ದನಕ್ಕೆ ಹಾಕಿ ಮುಗಿಸಿದ್ದಿರಿ. ಬಾಟಲಿ ಐಸ್ ಡಬ್ಬಿಯ ಅಂಚಿನಲ್ಲಿತ್ತು. ಲೇಬಲ್ಲಿನ ಮೇಲೆ ನೀಲಿ ಬಣ್ಣ ಕದಡಿತ್ತು, ನಿಮ್ಮ ಹೆಬ್ಬೆರಳೂ ನೀಲಿಯಾಗಿತ್ತು. ನನಗೆ ಆ ಕ್ಷಣವೇ ಗೊತ್ತಾಯಿತು. ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಎದುರಿಗೆ ಆ ಜನ ಬೆಳಗಿನ ಜಾವದಿಂದ ದನಗಳನ್ನು ಸಾಲಾಗಿ ಕಟ್ಟಿಕೊಂಡು ನಿಂತಿದ್ದರು. ಯಾರೋ ನನ್ನ ಕೈಗೆ ಮಜ್ಜಿಗೆ ಕೊಟ್ಟರು. ನಾನು ಮಜ್ಜಿಗೆ ಕುಡಿದು ರಿಜಿಸ್ಟರ್ ತೆರೆದೆ. ವಾರ ನೊಗಕ್ಕೆ ಹೂಡಬೇಡಿ ಎಂದು ಎಲ್ಲರಿಗೂ ಹೇಳಿದೆ, ನಿಜವಾದ ಲಸಿಕೆ ಹಾಕಿದ ಹಾಗೆಯೇ.

ನಿಮ್ಮನ್ನು ಕಾಪಾಡಲು ಸುಮ್ಮನಿದ್ದೆ ಎಂದು ನೀವು ತಿಳಿದಿದ್ದರೆ ಅದು ಅರ್ಧವೇ ನಿಜ. ಹಾಕದೆ ಬರೆದೆ ಎಂದರೆ ಒಂದು ಎಚ್ಚರಿಕೆ ಪತ್ರ. ಕೆಟ್ಟದ್ದೆಂದು ಗೊತ್ತಿದ್ದೂ ಹಾಕಲು ಬಿಟ್ಟೆ ಎಂದರೆ ಡಾಕ್ಟರಗಿರಿಯೇ ಹೋಗುತ್ತಿತ್ತು. ಸಾಹೇಬರೇ ಹಗುರವಾದ ತಪ್ಪನ್ನು ನನ್ನ ಮುಂದಿಟ್ಟರು. ನಾನು ತಲೆ ತಗ್ಗಿಸಿ ಅದನ್ನು ಎತ್ತಿಕೊಂಡೆ.

ಇವತ್ತು ನಡೆದದ್ದನ್ನು ನಡೆದಂತೆ ಬರೆದೆ. ಬಾಟಲಿಯ ಮೇಲೆ ವೇಳೆ ಇರಲಿಲ್ಲ, ನಾನು ನೋಡಿದೆ, ನಿಲ್ಲಿಸಲಿಲ್ಲ ಎಂದು. ನಿಮ್ಮ ಹೆಸರು ಬರೆದಿಲ್ಲ. ಅಲ್ಲಿ ಡಾಕ್ಟರಾಗಿದ್ದವಳು ನಾನು. ಪರವಾನಗಿ ಸಿಗದೇ ಹೋಗಬಹುದು. ಸಿಗಬೇಕೆಂದು ನನಗೆ ಬಹಳ ಆಸೆಯಿದೆ, ಅದನ್ನು ಮುಚ್ಚಿಡುವುದಿಲ್ಲ.

ಲಸಿಕೆ ತಾಜಾ ಇದ್ದಿದ್ದರೂ ಆ ಏಳೂ ಬದುಕುತ್ತಿದ್ದವು ಎಂದು ಯಾರೂ ಹೇಳಲಾರರು. ರೋಗ ಆಗಲೇ ಒಳಹೊಕ್ಕಿರಬಹುದು. ದಾಯಾದಿಯ ಲಸಿಕೆಗೆ ತನ್ನದೇ ಮಿತಿಯಿದೆ. ಇದನ್ನು ನಾನು ಎರಡು ವರ್ಷದಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ. ಪುಸ್ತಕದ ಪ್ರಕಾರ ಸರಿ. ಸಮಾಧಾನವಾಗಿಲ್ಲ.

ಚೈತನ್ಯಾ

19 ಡಿಸೆಂಬರ್: ಮುಷ್ಕರ ಮುಗಿಯಿತು. ನಿಮ್ಮ ನವೆಂಬರಿನ ಕಾಗದ ಈಗ ತಾನೇ ಕೈಗೆ ಬಂತು. ಎರಡು ಸಲ ಓದಿದೆ. ನನ್ನದರಲ್ಲಿ ಒಂದಕ್ಷರವನ್ನೂ ಬದಲಿಸದೆ ಹಾಗೆಯೇ ಕಳಿಸುತ್ತಿದ್ದೇನೆ. ನಿಮ್ಮ ಸಹಿಯ ಹಾಳೆಯನ್ನು ಮಂಡಳಿಗೆ ಕಳಿಸಲೇ ಬೇಡವೇ, ನೀವೇ ಹೇಳಿ.


ಮಿಲ್ಟನ್
6 ಜನವರಿ 2025, ಬೆಳಿಗ್ಗೆ 11-00

ಮೇಡಂ ಅವರಿಗೆ,

ಕಳಿಸಿ.

ತಿಪ್ಪಣ್ಣ


ಅರೋರಾ
16 ಫೆಬ್ರುವರಿ 2025

ತಿಪ್ಪಣ್ಣನವರೇ,

ಮಂಡಳಿಯ ಉತ್ತರ ಬಂತು. ಎದುರಿಗೆ ಕೂರಿಸಿಕೊಂಡು ಎರಡು ಗಂಟೆ ಕೇಳಿದರು. ಒಬ್ಬರು ನಿಮ್ಮ ಹಾಳೆಯ ಅನುವಾದವನ್ನು ಓದಿ, ಉಳಿದ ಔಷಧವನ್ನು ಚೆಲ್ಲಲು ಅವರಿಗೇಕೆ ಆಗಲಿಲ್ಲ ಎಂದು ಕೇಳಿದರು. ಬಸಾಪುರವನ್ನು ಅವರಿಗೆ ವಿವರಿಸಲು ನೋಡಿದೆ. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ.

ಷರತ್ತಿನ ಪರವಾನಗಿ ಕೊಟ್ಟಿದ್ದಾರೆ. ಒಂದು ವರ್ಷ ಇನ್ನೊಬ್ಬ ಡಾಕ್ಟರ ಕಣ್ಣಳತೆಯಲ್ಲೇ ಕೆಲಸ. ನಾನು ಹಾಕುವ ಪ್ರತಿಯೊಂದು ಲಸಿಕೆಯ ದಾಖಲೆಗೂ ಅವರ ಸಹಿ ಬೇಕು. ನನಗೆ ಅವಮಾನವೆನಿಸಲಿಲ್ಲ, ಹಗುರವೆನಿಸಿತು. ಮನೆಗೆ ಬಂದು ಬಹಳ ದಿನದ ಮೇಲೆ ರೊಟ್ಟಿ ಬಡಿದೆ.

ಒಂದು ಕೆಲಸ ಮಾತ್ರ ಉಳಿದಿದೆ. ಸಾವಿರಾರು ಮೈಲಿ ಆಚೆಯ ಮಂಡಳಿಗೆ ನಿಜ ಹೇಳಿದೆವು. ಎತ್ತು ಕಳೆದುಕೊಂಡವಳಿಗೆ ಇನ್ನೂ ಹೇಳಿಲ್ಲ. ಫೋನು ನಾನು ಮಾಡಲೇ, ನೀವು ಮಾಡುತ್ತೀರೇ?

ಚೈತನ್ಯಾ


ಮಿಲ್ಟನ್
2 ಮಾರ್ಚ್ 2025, ಮಧ್ಯಾಹ್ನ 12-20

ಮೇಡಂ ಅವರಿಗೆ,

ನಮಸ್ಕಾರ. ಪರವಾನಗಿಯ ಸುದ್ದಿ ಓದಿ ದೇವರಿಗೆ ದೀಪ ಹಚ್ಚಿದೆ. ಸಂಜನಾಗೆ ಏಕೆಂದು ಹೇಳಲಿಲ್ಲ, ಅವಳೂ ಕೈಮುಗಿದಳು.

ಫೋನು ನಾನೇ ಮಾಡಿದೆ. ಕಿವುಡ ಹೇಗೆ ಮಾಡಿದ ಎನ್ನುತ್ತೀರಿ. ಅದಕ್ಕೆ ಮೊದಲು ರತ್ನಾಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಎಲ್ಲಕ್ಕಿಂತ ನಾನು ಹೆದರಿದ್ದು ಅದಕ್ಕೇ. ಅವಳು ಪೂರ್ತಿ ಕೇಳಿದಳು, ಎದ್ದು ಹೋಗಿ ಪಾತ್ರೆ ತೊಳೆದಳು, ತಿರುಗಿ ಬಂದು ಒಂದು ನೋಟ್‌ಬುಕ್ಕು ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಬಂದವರೆದುರು ಇನ್ನು ಮೂವತ್ತನಾಲ್ಕು ವರ್ಷದ ಮಾತು ಆಡಲಾರಳು. ಆಡದಿದ್ದರೇ ಒಳ್ಳೆಯದು.

ನಾನು ಮಾತನಾಡಿದೆ. ಈರವ್ವ ಆ ಕಡೆಯಿಂದ ಹೇಳಿದ್ದನ್ನು ರತ್ನಾ ಹಾಗೆ ಹಾಗೆಯೇ ಬರೆಯುತ್ತ ಹೋದಳು. ಬಾಟಲಿಯ ವಿಷಯ, ವೇಳೆ ಒರೆಸಿದ್ದು, ನೀವು ನೋಡಿದ್ದು, ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದಿದ್ದೆ. ಆಮೇಲೆ ರತ್ನಾ ಬರೆದದ್ದನ್ನು ಇಲ್ಲಿ ನಕಲು ಮಾಡುತ್ತಿದ್ದೇನೆ.

"ಸೂಜಿ ಹಾಕಿಸಿದ ಮರುದಿನಾನ ನಾ ಎತ್ತ ಗಾಡಿಗೆ ಹೂಡಿದ್ನಿ. ವಾರ ಹೂಡಬ್ಯಾಡ್ರಿ ಅಂದಿದ್ರು ಡಾಕ್ಟರಬಾಯಿ. ಮೆಕ್ಕಿಜೋಳ ಹೊಲದಾಗ ಬಿದ್ದಿತ್ತು, ಹೂಡಿದ್ನಿ. ಅದಕ್ಕ ಸತ್ತಿತು ಅಂತ ಮನ್ಯಾಗ ಎಲ್ಲಾರೂ ಅಂದ್ರು. ನನ್ನ ಮಗಾ ವರ್ಷ ಮಾತಾಡಸಲಿಲ್ಲ. ನಾನೂ ಹಂಗ ಅನ್ಕೊಂಡೀನಿ. ಉಳದ ಎತ್ತಿನ ಮಾರಿ ನೋಡಾಕ ಆಗವಲ್ದು ನನಗ."

ಮೇಡಂ, ಬೀಳ್ಕೊಡುಗೆಯ ದಿನ ಅವಳು ಹಣೆಬರಹ ಎಂದದ್ದು ಇದನ್ನು. ತಪ್ಪು ನನ್ನದೋ ನಿಮ್ಮದೋ ಎಂದು ನಾವಿಬ್ಬರೂ ಇಷ್ಟು ದಿನ ತೂಗುತ್ತಿದ್ದೆವು. ಅದನ್ನು ಹೊತ್ತುಕೊಂಡು ತಿರುಗುತ್ತಿದ್ದವಳು ಅವಳು.

ಅದರ ಕೆಳಗೆ ರತ್ನಾ ಇನ್ನೊಂದು ಸಾಲು ಬರೆದು ಬೆರಳಿಟ್ಟು ತೋರಿಸಿದಳು. "ಹಂಗಾರ ಅದು ನನ್ನ ಕೈಲೆ ಸತ್ತಿಲ್ಲೇನ, ತಿಪ್ಪಣ್ಣ?"

"ಇಲ್ಲವ್ವಾ, ನಿನ್ನ ಕೈಲೆ ಸತ್ತಿಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸುವುದಿಲ್ಲವಲ್ಲ, ಅವಳಿಗೆ ಮುಟ್ಟಿತೋ ಇಲ್ಲವೋ ಎಂದು ಮೂರು ನಾಲ್ಕು ಸಲ ಹೇಳಿದೆ. ಮೇಲಿನ ಕೋಣೆಯಿಂದ ಅಳಿಯಂದಿರು ಇಳಿದು ಬಂದು ನಿಂತರು. ರತ್ನಾಳ ಕಡೆ ನೋಡಿದೆ. ಅವಳು ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ಏನು ಹೇಳುತ್ತಿದ್ದಾಳೆ, ಬರಿ, ಎಂದೆ.

"ಏನೂ ಹೇಳ್ತಿಲ್ಲ, ಅಪ್ಪಾ. ಅಳ್ತಿದ್ದಾರೆ" ಎಂದು ಬರೆದಳು.

ತಮ್ಮ,
ತಿಪ್ಪಣ್ಣ